ಚಿನ್ನಪ್ಪಂಪಟ್ಟಿಯಿಂದ ಬ್ರಿಸ್ಬೇನ್‌ಗೆ: ಟೆನಿಸ್ ಬಾಲ್ ಹುಡುಗ ದೊಡ್ಡ ಲೀಗ್ ತಲುಪಿದ ದಾರಿ

ತಾರಮಂಗಲಂ: 2021ರ ಜನವರಿ 21ರಂದು ಚಿನ್ನಪ್ಪಂಪಟ್ಟಿಯಲ್ಲಿ ಹಬ್ಬವೂ ಇರಲಿಲ್ಲ, ಜಾತ್ರೆಯೂ ಇರಲಿಲ್ಲ. ಆದರೂ ಊರಿನಲ್ಲಿ ರಥ ಹೊರಟಿತ್ತು. ರಥದ ಮೇಲೆ ಇದ್ದದ್ದು ದೇವರ ಮೂರ್ತಿ ಅಲ್ಲ, ಅದೇ ಊರಿನ ಹುಡುಗ ತಂಗರಾಸು ನಟರಾಜನ್. ಎರಡು ದಿನಗಳ ಹಿಂದಷ್ಟೇ ಬ್ರಿಸ್ಬೇನ್‌ನಲ್ಲಿ ಆಸ್ಟ್ರೇಲಿಯವನ್ನು ಸೋಲಿಸಿದ್ದ ಭಾರತ ತಂಡದಲ್ಲಿ ಆಡಿ ಊರಿಗೆ ಮರಳಿದ್ದರು.

ಅಂದಿನಿಂದ ಸೇಲಂ, ಧರ್ಮಪುರಿ ಕಡೆಯ ಎಷ್ಟೋ ಮನೆಗಳಲ್ಲಿ ಒಂದೇ ಪ್ರಶ್ನೆ. ‘ನಮ್ಮ ಹುಡುಗನೂ ಚೆನ್ನಾಗಿ ಬೌಲಿಂಗ್ ಹಾಕ್ತಾನೆ. ಅವನನ್ನ ಎಲ್ಲಿಗೆ ಕರಕೊಂಡು ಹೋಗಬೇಕು? ಯಾರನ್ನ ನೋಡಬೇಕು?’ ಟೀವಿಯಲ್ಲಿ ಕಾಣುವುದು ಹರಾಜಿನ ಕೋಟಿ ಲೆಕ್ಕ ಮಾತ್ರ. ಅಲ್ಲಿಗೆ ಹೋಗುವ ಮೆಟ್ಟಿಲುಗಳು ಕಾಣುವುದಿಲ್ಲ. ನಟರಾಜನ್ ಏರಿದ ದಾರಿಯನ್ನೇ ಒಂದೊಂದು ಮೆಟ್ಟಿಲಾಗಿ ನೋಡಿದರೆ ಈ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ.

ಮಗ್ಗದ ಸದ್ದಿನ ಊರು

ತಾರಮಂಗಲಂ ಎಂದರೆ ಹೊರಗಿನವರಿಗೆ ಕೈಲಾಸನಾಥರ್ ದೇವಸ್ಥಾನದ ಕಲ್ಲಿನ ಕೆತ್ತನೆ ನೆನಪಾಗುತ್ತದೆ. ಊರಿನವರಿಗೆ ಅದು ಮಗ್ಗದ ಊರು. ಸೇಲಂ ಭಾಗದ ನೇಕಾರರಲ್ಲಿ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ದೇವಾಂಗ ಕುಟುಂಬಗಳೂ ಇವೆ. ಸೀರೆ ನೇಯುವವರ ಬದುಕು ಹೇಗೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ನಟರಾಜನ್ ಹುಟ್ಟಿದ್ದು 1991ರಲ್ಲಿ. ಅಪ್ಪ ತಂಗರಾಸು ಮಗ್ಗದ ಕೆಲಸದವರು. ಅಮ್ಮ ಶಾಂತಾ ರಸ್ತೆ ಬದಿಯಲ್ಲಿ ಅಂಗಡಿ ಇಟ್ಟು ತಿಂಡಿ ಮಾರುತ್ತಿದ್ದರು. ಐವರು ಮಕ್ಕಳಲ್ಲಿ ನಟರಾಜನ್ ದೊಡ್ಡವರು. ಓದಿದ್ದು ಸರಕಾರಿ ಶಾಲೆಯಲ್ಲಿ. ಕ್ರಿಕೆಟ್ ಕಿಟ್ಟು, ಶೂ, ಕೋಚಿಂಗ್ ಎಂಬ ಮಾತೆಲ್ಲ ಆ ಮನೆಗೆ ದೂರ. ಆದ್ದರಿಂದ ಆಡಿದ್ದು ಟೆನಿಸ್ ಬಾಲ್ ಕ್ರಿಕೆಟ್. ಊರೂರಿನ ಟೂರ್ನಿಮೆಂಟುಗಳಲ್ಲಿ ಎಡಗೈಯಿಂದ ವೇಗವಾಗಿ ಚೆಂಡು ಹಾಕುವ ಹುಡುಗ ಎಂದು ಹೆಸರಾಯಿತು.

ಟೆನಿಸ್ ಬಾಲ್ ಟೂರ್ನಿಮೆಂಟಿನಲ್ಲಿ ಓವರುಗಳು ಕಡಿಮೆ, ಪ್ರತಿ ಚೆಂಡಿಗೂ ಬ್ಯಾಟು ಬೀಸುವವರೇ ಎಲ್ಲ. ಅಂಥವರನ್ನು ತಡೆಯಲು ಬೌಲರಿಗೆ ಇರುವ ದೊಡ್ಡ ಅಸ್ತ್ರ ಯಾರ್ಕರ್. ಬ್ಯಾಟ್ಸ್‌ಮನ್ನನ ಕಾಲ ಬುಡಕ್ಕೆ, ಬ್ಯಾಟು ನೆಲ ಮುಟ್ಟುವ ಜಾಗಕ್ಕೇ ನೇರವಾಗಿ ಬೀಳುವ ಚೆಂಡು ಅದು. ಅರ್ಧ ಅಡಿ ಮುಂದೆ ಬಿದ್ದರೆ ಫುಲ್‌ಟಾಸ್, ಅರ್ಧ ಅಡಿ ಹಿಂದೆ ಬಿದ್ದರೆ ಸಿಕ್ಸರ್. ನಟರಾಜನ್ ಮುಂದೆ ದೊಡ್ಡ ಲೀಗಿನಲ್ಲಿ ಹೆಸರು ಮಾಡಿದ್ದು ಇದೇ ಚೆಂಡಿನಿಂದ. ಕಲಿತದ್ದು ಯಾವ ಅಕಾಡೆಮಿಯಲ್ಲೂ ಅಲ್ಲ, ಊರಿನ ಬಯಲಲ್ಲಿ.

ಕೈ ಹಿಡಿದ ಅಣ್ಣ

ಊರಿನಲ್ಲಿ ಹುಡುಗರನ್ನು ಸೇರಿಸಿಕೊಂಡು ಆಡಿಸುತ್ತಿದ್ದವರು ಜಯಪ್ರಕಾಶ್. ಎಲ್ಲರಿಗೂ ಅವರು ಜೆಪಿ ಅಣ್ಣ. ಈ ಹುಡುಗ ಟೆನಿಸ್ ಬಾಲಿಗೇ ನಿಲ್ಲಬಾರದು ಎಂದು ಮೊದಲು ಕಂಡುಕೊಂಡವರು ಅವರು. ಚೆನ್ನೈಗೆ ಹೋಗು ಎಂದು ಒತ್ತಾಯಿಸಿದವರೂ, ಹೋಗುವ ದಾರಿ ಮಾಡಿಕೊಟ್ಟವರೂ ಅವರೇ.

2020ರ ಐಪಿಎಲ್ ನೋಡಿದವರಿಗೆ ನಟರಾಜನ್ ಅಂಗಿಯ ಬೆನ್ನಿನ ಮೇಲೆ ‘ಜೆಪಿ ನಟ್ಟು’ ಎಂದು ಬರೆದಿದ್ದು ನೆನಪಿರಬಹುದು. ಆ ಜೆಪಿ ಈ ಅಣ್ಣನೇ.

ಮೊದಲ ಮೆಟ್ಟಿಲು: ಚೆನ್ನೈ ಡಿವಿಷನ್ ಲೀಗ್

ಇಲ್ಲಿ ಒಂದು ವಿಷಯ ತಿಳಿಯಬೇಕು. ತಮಿಳುನಾಡಿನಲ್ಲಿ ಕ್ರಿಕೆಟ್ ನಡೆಸುವುದು ತಮಿಳುನಾಡು ಕ್ರಿಕೆಟ್ ಸಂಸ್ಥೆ. ಅದರ ಕೆಳಗೆ ಪ್ರತಿ ಜಿಲ್ಲೆಗೂ ಜಿಲ್ಲಾ ಸಂಸ್ಥೆ ಇದೆ, ಜಿಲ್ಲಾ ಲೀಗ್ ಇದೆ. ಆದರೆ ರಾಜ್ಯ ತಂಡ ಆರಿಸುವವರ ಕಣ್ಣು ಹೆಚ್ಚಾಗಿ ಬೀಳುವುದು ಚೆನ್ನೈ ನಗರದ ಲೀಗ್ ಮೇಲೆ. ಅದರಲ್ಲಿ ಕೆಳಗಿನ ಡಿವಿಷನ್ನಿನಿಂದ ಮೊದಲನೇ ಡಿವಿಷನ್‌ವರೆಗೆ ಮೆಟ್ಟಿಲುಗಳಿವೆ. ಮೇಲಿನ ತಂಡಗಳನ್ನು ದೊಡ್ಡ ಕಂಪನಿಗಳು ಸಾಕುತ್ತವೆ. ಅಲ್ಲಿ ಆಡುವ ಹುಡುಗರಿಗೆ ಸಂಬಳವೋ ಕೆಲಸವೋ ಸಿಗುವುದುಂಟು. ಬಡವರ ಮನೆಯ ಹುಡುಗ ಆಟ ಬಿಡದೆ ಉಳಿಯುವುದು ಇದರಿಂದಲೇ.

ನಟರಾಜನ್ ಚೆನ್ನೈಗೆ ಹೋಗಿ ನಾಲ್ಕನೇ ಡಿವಿಷನ್ನಿನಲ್ಲಿ ಬಿಎಸ್‌ಎನ್‌ಎಲ್ ತಂಡಕ್ಕೆ ಸೇರಿದರು. ಆಗ ಅವರ ವಯಸ್ಸು ಇಪ್ಪತ್ತರ ಹತ್ತಿರ. ನಿಜವಾದ ಕ್ರಿಕೆಟ್ ಚೆಂಡನ್ನು ಕೈಯಲ್ಲಿ ಹಿಡಿದು ಆಡತೊಡಗಿದ್ದೇ ಆಗ. ಪೇಟೆಯ ಹುಡುಗರು ಆ ವಯಸ್ಸಿಗೆ 16ರ ಒಳಗಿನವರ ಟೂರ್ನಿ, 19ರ ಒಳಗಿನವರ ಟೂರ್ನಿ ಎಲ್ಲ ಮುಗಿಸಿರುತ್ತಾರೆ. ಅಲ್ಲಿಂದ ವಿಜಯ್ ಕ್ಲಬ್, ನಂತರ ಜಾಲಿ ರೋವರ್ಸ್. ಇದು ಮೊದಲ ಡಿವಿಷನ್ನಿನ ದೊಡ್ಡ ತಂಡ. ನಡೆಸುವುದು ಸನ್ಮಾರ್ ಸಮೂಹ. ಮೆಟ್ಟೂರಿನ ಕೆಮ್‌ಪ್ಲಾಸ್ಟ್ ಕಾರ್ಖಾನೆ ಈ ಭಾಗದವರಿಗೆ ಗೊತ್ತಲ್ಲ, ಅದೇ ಸಮೂಹ. ಆರ್.ಅಶ್ವಿನ್, ಮುರಳಿ ವಿಜಯ್ ಅಂಥವರು ಆಡಿದ ತಂಡದಲ್ಲಿ ಚಿನ್ನಪ್ಪಂಪಟ್ಟಿಯ ಹುಡುಗನಿಗೂ ಜಾಗ ಸಿಕ್ಕಿತು.

ರಣಜಿ ಮತ್ತು ಮೊಣಕೈ ಪ್ರಶ್ನೆ

2015ರ ಜನವರಿಯಲ್ಲಿ ತಮಿಳುನಾಡು ರಣಜಿ ತಂಡಕ್ಕೆ ಕರೆ ಬಂತು. ಕೋಲ್ಕತದ ಈಡನ್ ಗಾರ್ಡನ್ಸ್‌ನಲ್ಲಿ ಬಂಗಾಳದ ವಿರುದ್ಧ ಮೊದಲ ಪಂದ್ಯ. ಊರಿನವರು ಸಂಭ್ರಮಿಸುವ ಹೊತ್ತಿಗೇ ಸಿಡಿಲು ಬಡಿದ ಹಾಗೆ ಸುದ್ದಿ ಬಂತು. ಬೌಲಿಂಗ್ ಶೈಲಿ ಅನುಮಾನಾಸ್ಪದ ಎಂದು ದೂರಾಗಿತ್ತು.

ಏನಿದು ಅನುಮಾನ? ಕ್ರಿಕೆಟ್ ನಿಯಮದಲ್ಲಿ ಚೆಂಡನ್ನು ಹಾಕಬೇಕು, ಎಸೆಯಬಾರದು. ಕೈ ಮೇಲೆ ಬಂದು ಚೆಂಡು ಬಿಡುವ ಹೊತ್ತಿನಲ್ಲಿ, ಮಡಚಿದ್ದ ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೇರವಾಗಬಾರದು. ಅದಕ್ಕಿಂತ ಹೆಚ್ಚಾದರೆ ಅದು ಕಲ್ಲು ಬೀಸಿದಂತೆ ಎಂದು ಲೆಕ್ಕ.

ಟೆನಿಸ್ ಬಾಲ್ ಆಡಿ ಬೆಳೆದವರು ಇದನ್ನು ಗಮನಿಸಬೇಕು. ಟೆನಿಸ್ ಚೆಂಡಿನ ತೂಕ 60 ಗ್ರಾಂ ಒಳಗೆ. ಕ್ರಿಕೆಟ್ ಚೆಂಡು ಸುಮಾರು 156ರಿಂದ 163 ಗ್ರಾಂ. ಹಗುರ ಚೆಂಡಿಗೆ ವೇಗ ಕೊಡಲು ಹುಡುಗರು ತಿಳಿಯದೆಯೇ ಮೊಣಕೈಯನ್ನು ಬೀಸುತ್ತಾರೆ. ಊರಿನ ಪಂದ್ಯದಲ್ಲಿ ಅದನ್ನು ನೋಡುವವರಿಲ್ಲ, ತಪ್ಪು ಎನ್ನುವವರೂ ಇಲ್ಲ. ಹತ್ತು ವರ್ಷ ಹಾಗೇ ಹಾಕಿದ ಮೇಲೆ ಅದು ಮೈಗೆ ಅಂಟಿಬಿಡುತ್ತದೆ. ಯಾರ್ಕರ್ ಕಲಿಸುವ ಬಯಲೇ ಈ ಕೆಟ್ಟ ಅಭ್ಯಾಸವನ್ನೂ ಕಲಿಸಬಲ್ಲದು.

ನಟರಾಜನ್ ಪಾಲಿಗೆ ಅದು ಆಟ ಮುಗಿಯಿತು ಎನ್ನುವ ಘಟ್ಟ. ವಯಸ್ಸು 23 ದಾಟಿತ್ತು. ಮನೆಯಲ್ಲಿ ತಂಗಿಯರು, ತಮ್ಮ. ಚೆನ್ನೈ ಬಿಟ್ಟು ಊರಿಗೆ ಬಂದು ಯಾವುದಾದರೂ ಕೆಲಸ ಹಿಡಿದಿದ್ದರೆ ಯಾರೂ ತಪ್ಪು ಎನ್ನುತ್ತಿರಲಿಲ್ಲ. ಆದರೆ ಅವರು ಬಿಡಲಿಲ್ಲ. ಸುನಿಲ್ ಸುಬ್ರಮಣಿಯನ್, ಡಿ.ವಾಸು, ಎಂ.ವೆಂಕಟರಮಣ ಅವರಂಥ ಹಿರಿಯ ಆಟಗಾರರ ಕೈಯಲ್ಲಿ ಬೌಲಿಂಗನ್ನು ಮೊದಲಿನಿಂದ ಕಲಿತರು. ಓಡಿಬರುವುದು, ಜಿಗಿತ, ಕೈ ಏರುವ ದಾರಿ ಎಲ್ಲವನ್ನೂ ಬಿಚ್ಚಿ ಮತ್ತೆ ಜೋಡಿಸುವ ಕೆಲಸ ಅದು. ಮಗ್ಗದಲ್ಲಿ ಎಳೆ ತಪ್ಪಿದರೆ ನೇಯ್ದದ್ದನ್ನು ಬಿಚ್ಚಿ ಮತ್ತೆ ನೇಯಬೇಕಲ್ಲ, ಹಾಗೆ.

ಟಿಎನ್‌ಪಿಎಲ್: ಟೀವಿಗೆ ಬಂದ ಹುಡುಗ

2016ರಲ್ಲಿ ತಮಿಳುನಾಡು ಪ್ರೀಮಿಯರ್ ಲೀಗ್ ಶುರುವಾಯಿತು. ಕರ್ನಾಟಕದವರು 2009ರಲ್ಲೇ ಕರ್ನಾಟಕ ಪ್ರೀಮಿಯರ್ ಲೀಗ್ ನಡೆಸಿದ್ದರು. 2022ರಿಂದ ಅಲ್ಲಿ ಮಹಾರಾಜ ಟ್ರೋಫಿ ನಡೆಯುತ್ತಿದೆ. ಇಂಥ ರಾಜ್ಯ ಲೀಗುಗಳಿಂದ ಆಗುವ ದೊಡ್ಡ ಉಪಕಾರ ಎಂದರೆ ಪಂದ್ಯಗಳು ಟೀವಿಯಲ್ಲಿ ಬರುತ್ತವೆ. ಐಪಿಎಲ್ ತಂಡಗಳ ಆಟಗಾರರನ್ನು ಹುಡುಕುವವರು ಮುಂಬಯಿಯಲ್ಲಿ ಕೂತೇ ನೋಡುತ್ತಾರೆ.

ನಟರಾಜನ್ ಡಿಂಡಿಗಲ್ ಡ್ರಾಗನ್ಸ್ ಪರ ಆಡಿದರು. ತೂತ್ತುಕುಡಿ ತಂಡದ ವಿರುದ್ಧ ಪಂದ್ಯ ಟೈ ಆಗಿ ಸೂಪರ್ ಓವರ್ ಹಾಕಬೇಕಾಯಿತು. ಎದುರಿಗೆ ಭಾರತಕ್ಕೆ ಟೆಸ್ಟ್ ಆಡಿದ್ದ ಅಭಿನವ್ ಮುಕುಂದ್. ನಟರಾಜನ್ ಹಾಕಿದ ಆರು ಚೆಂಡೂ ಯಾರ್ಕರ್. ಊರಿನ ಬಯಲಿನಲ್ಲಿ ಕಲಿತದ್ದು, ತಿದ್ದಿಕೊಂಡ ಕೈಯಿಂದ ಹೊರಬಂತು.

ಹರಾಜು: 3 ಕೋಟಿ, ಆಮೇಲೆ ಬೆಂಚು

2017ರ ಐಪಿಎಲ್ ಹರಾಜಿನಲ್ಲಿ ಅವರ ಮೂಲ ಬೆಲೆ 10 ಲಕ್ಷ ರೂಪಾಯಿ. ಕಿಂಗ್ಸ್ ಇಲೆವೆನ್ ಪಂಜಾಬ್ ಕೊಂಡದ್ದು 3 ಕೋಟಿಗೆ. ಸುದ್ದಿ ಓದಿದವರಿಗೆ ಕತೆ ಇಲ್ಲಿಗೆ ಸುಖಾಂತ್ಯ ಎನ್ನಿಸುತ್ತದೆ. ಹಾಗಾಗಲಿಲ್ಲ. ಆ ವರ್ಷ ಆರು ಪಂದ್ಯ, ಎರಡೇ ವಿಕೆಟ್. ಮುಂದಿನ ವರ್ಷ ಪಂಜಾಬ್ ಅವರನ್ನು ಉಳಿಸಿಕೊಳ್ಳಲಿಲ್ಲ. ಸನ್‌ರೈಸರ್ಸ್ ಹೈದರಾಬಾದ್ 40 ಲಕ್ಷಕ್ಕೆ ಕೊಂಡಿತು. 2018, 2019 ಎರಡೂ ವರ್ಷ ಒಂದೇ ಒಂದು ಪಂದ್ಯ ಆಡಿಸಲಿಲ್ಲ.

ಹರಾಜಿನ ಬೆಲೆ ಸಂಬಳವಲ್ಲದೆ ಮರ್ಯಾದೆಯ ಅಳತೆಯೂ ಆಗಿಬಿಡುತ್ತದೆ. 3 ಕೋಟಿಯಿಂದ 40 ಲಕ್ಷಕ್ಕೆ ಇಳಿದವನನ್ನು ಜನ ಮರೆತುಬಿಡುತ್ತಾರೆ. ಆದರೆ ನಟರಾಜನ್ ನೆಟ್ಸ್‌ನಲ್ಲಿ ಬೌಲಿಂಗ್ ಮಾಡುತ್ತಲೇ ಇದ್ದರು. ಹೈದರಾಬಾದಿನ ಬೌಲಿಂಗ್ ಗುರು ಮುತ್ತಯ್ಯ ಮುರಳೀಧರನ್ ತಮಿಳು ಮಾತಾಡುವವರು. ಹಿಂದಿ, ಇಂಗ್ಲಿಷ್ ತಡವರಿಸುವ ಹಳ್ಳಿ ಹುಡುಗನಿಗೆ ತನ್ನ ಮಾತಲ್ಲಿ ಹೇಳಿಕೊಡುವವರು ಸಿಕ್ಕುವುದು ಸಣ್ಣ ವಿಷಯವಲ್ಲ. ಎರಡು ಭಾಷೆಗಳ ನಡುವೆ ಬೆಳೆದ ಗಡಿ ಊರಿನವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ನೆಟ್ ಬೌಲರ್ ಆಗಿ ಹೋದವರು

ಕೊರೊನಾ ಕಾರಣ 2020ರ ಐಪಿಎಲ್ ಅರಬ್ ಎಮಿರೇಟ್ಸ್‌ನಲ್ಲಿ ನಡೆಯಿತು. ನಟರಾಜನ್‌ಗೆ ಕೊನೆಗೂ ಅವಕಾಶ ಬಂತು. 16 ಪಂದ್ಯ, 16 ವಿಕೆಟ್. ಅಬುಧಾಬಿಯ ಎಲಿಮಿನೇಟರ್ ಪಂದ್ಯದಲ್ಲಿ ಬೆಂಗಳೂರು ತಂಡದ ಎ.ಬಿ.ಡಿವಿಲಿಯರ್ಸ್‌ಗೆ ಹಾಕಿದ ಯಾರ್ಕರ್ ಸ್ಟಂಪಿಗೇ ಹೋಗಿ ಬಿತ್ತು. ಬೆಂಗಳೂರು ತಂಡದ ಅಭಿಮಾನಿಗಳೇ ಹೆಚ್ಚಿರುವ ಹೊಸೂರು ಕಡೆಯವರಿಗೆ ಆ ರಾತ್ರಿ ಬೇಜಾರೂ ಆಗಿರಬೇಕು, ಹೆಮ್ಮೆಯೂ ಆಗಿರಬೇಕು.

ಆ ಟೂರ್ನಿ ನಡೆಯುತ್ತಿರುವಾಗಲೇ ಊರಿನಲ್ಲಿ ಅವರಿಗೆ ಹೆಣ್ಣು ಮಗು ಹುಟ್ಟಿತು. ಮಗುವಿನ ಮುಖ ನೋಡಲು ಅವರು ಬರಲಾಗಲಿಲ್ಲ. ದುಬೈನಿಂದ ನೇರ ಆಸ್ಟ್ರೇಲಿಯಕ್ಕೆ ವಿಮಾನ ಹತ್ತಬೇಕಾಯಿತು.

ಹೋದದ್ದು ಆಟಗಾರನಾಗಿ ಅಲ್ಲ, ನೆಟ್ ಬೌಲರ್ ಆಗಿ. ಅಂದರೆ ತಂಡದ ಬ್ಯಾಟ್ಸ್‌ಮನ್ನರಿಗೆ ಅಭ್ಯಾಸಕ್ಕೆ ಚೆಂಡು ಹಾಕಿಕೊಡುವ ಕೆಲಸ. ಆಮೇಲೆ ವರುಣ್ ಚಕ್ರವರ್ತಿ ಗಾಯಗೊಂಡು ಹೊರಬಿದ್ದುದರಿಂದ ಟಿ-20 ತಂಡದಲ್ಲಿ ಹೆಸರು ಬಂತು. 2020ರ ಡಿಸೆಂಬರ್ 2ರಂದು ಕ್ಯಾನ್‌ಬೆರಾದಲ್ಲಿ ಮೊದಲ ಏಕದಿನ ಪಂದ್ಯ, 2 ವಿಕೆಟ್. ಡಿಸೆಂಬರ್ 4ರಂದು ಅಲ್ಲೇ ಮೊದಲ ಟಿ-20, 30 ರನ್‌ಗೆ 3 ವಿಕೆಟ್. ಆ ಟಿ-20 ಸರಣಿಯ ಶ್ರೇಷ್ಠ ಆಟಗಾರ ಎಂದು ಹಾರ್ದಿಕ್ ಪಾಂಡ್ಯಗೆ ಟ್ರೋಫಿ ಕೊಟ್ಟಾಗ, ಅವರು ಅದನ್ನು ನಟರಾಜನ್ ಕೈಗೇ ಕೊಟ್ಟರು.

ನಂತರ ಬೂಮ್ರಾ, ಶಮಿ, ಉಮೇಶ್ ಯಾದವ್, ಅಶ್ವಿನ್, ಜಡೇಜ ಒಬ್ಬೊಬ್ಬರಾಗಿ ಗಾಯಗೊಂಡರು. 2021ರ ಜನವರಿ 15ರಂದು ಬ್ರಿಸ್ಬೇನ್‌ನ ಗಾಬಾ ಮೈದಾನದಲ್ಲಿ ನಟರಾಜನ್ ಟೆಸ್ಟ್ ಕ್ಯಾಪ್ ತೊಟ್ಟರು. ಮೊದಲ ಇನ್ನಿಂಗ್ಸ್‌ನಲ್ಲಿ 78 ರನ್‌ಗೆ 3 ವಿಕೆಟ್. 1988ರಿಂದ ಆಸ್ಟ್ರೇಲಿಯ ಟೆಸ್ಟ್ ಸೋಲದ ಆ ಮೈದಾನದಲ್ಲಿ ಭಾರತ 3 ವಿಕೆಟ್‌ಗಳಿಂದ ಗೆದ್ದು, ಸರಣಿಯನ್ನು 2-1ರಿಂದ ಗೆದ್ದುಕೊಂಡಿತು. ಒಂದೇ ಪ್ರವಾಸದಲ್ಲಿ ಮೂರೂ ಮಾದರಿಗಳಲ್ಲಿ ಮೊದಲ ಪಂದ್ಯ ಆಡಿದ ಭಾರತದ ಮೊದಲ ಆಟಗಾರ ನಟರಾಜನ್.

ಮೈಯೇ ಬಂಡವಾಳ

2021ರ ಮಾರ್ಚ್ 28ರಂದು ಪುಣೆಯಲ್ಲಿ ಇಂಗ್ಲೆಂಡ್ ವಿರುದ್ಧ ಏಕದಿನ ಪಂದ್ಯ. ಇಂಗ್ಲೆಂಡಿಗೆ ಕೊನೆಯ ಓವರಿನಲ್ಲಿ 14 ರನ್ ಬೇಕು, ಸ್ಯಾಮ್ ಕರನ್ ತೊಂಬತ್ತು ದಾಟಿ ನಿಂತಿದ್ದಾರೆ. ಚೆಂಡು ನಟರಾಜನ್ ಕೈಗೆ ಬಂತು. ಭಾರತ 7 ರನ್‌ಗಳಿಂದ ಗೆದ್ದಿತು.

ಮುಂದಿನ ತಿಂಗಳೇ ಮೊಣಕಾಲಿನ ಶಸ್ತ್ರಚಿಕಿತ್ಸೆ. ಭಾರತ ತಂಡದ ಬಾಗಿಲು ಅಲ್ಲಿಂದಾಚೆಗೆ ತೆರೆಯಲಿಲ್ಲ. ವೇಗದ ಬೌಲರನಿಗೆ ಮೈಯೇ ಬಂಡವಾಳ ಎಂಬುದು ಹಳ್ಳಿಯಲ್ಲಿ ಕನಸು ಕಾಣುವವರು ಮರೆಯುವ ಮಾತು. ಆದರೂ ಐಪಿಎಲ್‌ನಲ್ಲಿ ಅವರು ಉಳಿದರು. 2022ರಲ್ಲಿ 4 ಕೋಟಿಗೆ ಹೈದರಾಬಾದೇ ಮತ್ತೆ ಕೊಂಡಿತು, 11 ಪಂದ್ಯಗಳಲ್ಲಿ 18 ವಿಕೆಟ್ ತೆಗೆದರು. ತಂಡ ಫೈನಲ್ ತಲುಪಿದ 2024ರಲ್ಲಿ 19 ವಿಕೆಟ್. ಆ ವರ್ಷ ಡೆಲ್ಲಿ ವಿರುದ್ಧ 19 ರನ್‌ಗೆ 4 ವಿಕೆಟ್ ಕಿತ್ತಿದ್ದರು. ವರ್ಷದ ಕೊನೆಯ ಹರಾಜಿನಲ್ಲಿ ಅದೇ ಡೆಲ್ಲಿ 10.75 ಕೋಟಿ ಕೊಟ್ಟು ಕೊಂಡಿತು.

ಕಾಲೇಜಿನಿಂದ ದಾರಿ ಇಲ್ಲವೇ?

ಅಮೆರಿಕದ ಬೇಸ್‌ಬಾಲ್‌ನಲ್ಲಿ ಕಾಲೇಜೇ ದೊಡ್ಡ ಮೆಟ್ಟಿಲು. ಅಲ್ಲಿ ವಿಕೆಟ್‌ಕೀಪರಿನ ಹಾಗೆ ಬ್ಯಾಟ್ಸ್‌ಮನ್ನನ ಹಿಂದೆ ಕುಕ್ಕರುಗಾಲಲ್ಲಿ ಕೂತು ಚೆಂಡು ಹಿಡಿಯುವವನಿಗೆ ಕ್ಯಾಚರ್ ಎನ್ನುತ್ತಾರೆ. ಬಸ್ಟರ್ ಪೋಸಿ ಎಂಬ ಹುಡುಗ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬೇರೆ ಜಾಗದಲ್ಲಿ ಆಡುತ್ತಿದ್ದವನು, ಓದುತ್ತಿರುವಾಗಲೇ ಕ್ಯಾಚರ್ ಕೆಲಸ ಕಲಿತ. 2008ರಲ್ಲಿ ದೊಡ್ಡ ಲೀಗಿನ ತಂಡಗಳು ಸರದಿಯಂತೆ ಆಟಗಾರರನ್ನು ಆರಿಸುವಾಗ ಸ್ಯಾನ್‌ಫ್ರಾನ್ಸಿಸ್ಕೊ ತಂಡ ಐದನೆಯವನಾಗಿ ಅವನನ್ನು ಆರಿಸಿತು. ಕೆಳಗಿನ ಲೀಗುಗಳಲ್ಲಿ ಆಡಿ ಪಳಗಿ 2009ರಲ್ಲಿ ದೊಡ್ಡ ಲೀಗಿಗೆ ಬಂದ. ಅಲ್ಲಿ ಆಟಗಾರರನ್ನು ಹುಡುಕುವವರು ಕಾಲೇಜಿನ ಬಾಗಿಲಿಗೇ ಬರುತ್ತಾರೆ.

ನಮ್ಮಲ್ಲಿ ಹಾಗಿಲ್ಲ. ವಿಶ್ವವಿದ್ಯಾಲಯಗಳ ನಡುವೆ ರೋಹಿಂಟನ್ ಬಾರಿಯಾ ಟ್ರೋಫಿ ಇದೆ. ಒಂದು ಕಾಲಕ್ಕೆ ಅದಕ್ಕೆ ದೊಡ್ಡ ಹೆಸರಿತ್ತು. ಈಗ ಹೆಚ್ಚಿನ ಆಟಗಾರರು ಬರುವುದು ಕ್ಲಬ್ ಲೀಗು ಮತ್ತು ವಯಸ್ಸಿನ ಟೂರ್ನಿಗಳಿಂದ. 16ರ ಒಳಗಿನವರಿಗೆ ವಿಜಯ್ ಮರ್ಚೆಂಟ್ ಟ್ರೋಫಿ, 19ರ ಒಳಗಿನವರಿಗೆ ಕೂಚ್ ಬಿಹಾರ್ ಟ್ರೋಫಿ, 23ರ ಒಳಗಿನವರಿಗೆ ಸಿ.ಕೆ.ನಾಯುಡು ಟ್ರೋಫಿ. ಹಾಗೆಂದು ಕಾಲೇಜು ಬಿಡಬೇಕಿಲ್ಲ. ಮೊಣಕಾಲು ಕೈಕೊಟ್ಟ ದಿನ ಡಿಗ್ರಿ ಕೈ ಹಿಡಿಯುತ್ತದೆ.

ಮೆಟ್ಟಿಲು ಊರಿಗೇ ಬಂತು

ನಟರಾಜನ್ ಕತೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಇದು. ಅವರು ಇಪ್ಪತ್ತರ ಹತ್ತಿರಕ್ಕೆ ಬಂದು ಚೆನ್ನೈಯಲ್ಲಿ ಮುಟ್ಟಿದ ಚೆಂಡನ್ನು ಚಿನ್ನಪ್ಪಂಪಟ್ಟಿಯ ಮಕ್ಕಳು ಊರಿನಲ್ಲೇ ಮುಟ್ಟುವಂತೆ ಮಾಡಿದ್ದಾರೆ. ಐಪಿಎಲ್ ಹಣ ಬಂದ ಮೇಲೆ ಜೆಪಿ ಅಣ್ಣನ ಜೊತೆ ಸೇರಿ ಅಕಾಡೆಮಿ ಶುರು ಮಾಡಿದರು. 2023ರ ಜೂನ್ 23ರಂದು ‘ನಟರಾಜನ್ ಕ್ರಿಕೆಟ್ ಗ್ರೌಂಡ್’ ಅನ್ನು ದಿನೇಶ್ ಕಾರ್ತಿಕ್ ಉದ್ಘಾಟಿಸಿದರು.

ಫಲವೂ ಕಂಡಿದೆ. ಅದೇ ಊರಿನ ಜಿ.ಪೆರಿಯಸಾಮಿ 2019ರ ಟಿಎನ್‌ಪಿಎಲ್ ಫೈನಲ್‌ನಲ್ಲಿ ಚೆಪಾಕ್ ಸೂಪರ್ ಗಿಲ್ಲೀಸ್ ಪರ 5 ವಿಕೆಟ್ ತೆಗೆದು ತಂಡಕ್ಕೆ ಕಪ್ ಗೆದ್ದುಕೊಟ್ಟರು. ಜಿಲ್ಲೆಯ ಇನ್ನೊಂದು ಮೂಲೆಯಲ್ಲಿ, ವಾಳಪ್ಪಾಡಿ ಹತ್ತಿರ, ಸೇಲಂ ಕ್ರಿಕೆಟ್ ಫೌಂಡೇಷನ್ ಮೈದಾನವನ್ನು 2020ರ ಫೆಬ್ರವರಿ 9ರಂದು ಉದ್ಘಾಟಿಸಿದವರು ಬೆಂಗಳೂರಿನ ರಾಹುಲ್ ದ್ರಾವಿಡ್. ಟಿಎನ್‌ಪಿಎಲ್ ಪಂದ್ಯಗಳೂ ಅಲ್ಲಿ ನಡೆದಿವೆ.

ಮನೆಯವರು ಗಮನಿಸಬೇಕಾದದ್ದು

ಒಂದು: ಹನ್ನೆರಡು, ಹದಿಮೂರಕ್ಕೆಲ್ಲ ನಿಜವಾದ ಕ್ರಿಕೆಟ್ ಚೆಂಡು ಕೈಗೆ ಬರಲಿ. ಟೆನಿಸ್ ಬಾಲ್ ಆಡಬೇಡ ಎಂದಲ್ಲ, ಅದರ ಜೊತೆಗೆ ಇದೂ ಇರಲಿ.

ಎರಡು: ಬೌಲಿಂಗ್ ಹಾಕುವ ಹುಡುಗನ ಕೈಯನ್ನು ಬಲ್ಲವರೊಬ್ಬರು ಬೇಗ ನೋಡಲಿ. ಮೊಬೈಲಿನಲ್ಲಿ ಪಕ್ಕದಿಂದ ವಿಡಿಯೊ ತೆಗೆದು ನಿಧಾನವಾಗಿ ಓಡಿಸಿದರೂ ಮೊಣಕೈ ಮಡಚುತ್ತಿದೆಯೇ ಎಂಬ ಸುಳಿವು ಸಿಗುತ್ತದೆ.

ಮೂರು: ಯಾವ ರಾಜ್ಯ ಎಂಬುದನ್ನು ಮೊದಲೇ ತೀರ್ಮಾನಿಸಿ. ಹೊಸೂರಿನಿಂದ ಬೆಂಗಳೂರು 40 ಕಿ.ಮೀ., ಚೆನ್ನೈ 300 ಕಿ.ಮೀ. ಆದರೆ ಒಂದು ಋತುವಿನಲ್ಲಿ ಒಂದೇ ಸಂಸ್ಥೆಗೆ ಆಡಬಹುದು. ಬಿಟ್ಟು ಹೋಗಲು ಹಳೆಯ ಸಂಸ್ಥೆಯ ಒಪ್ಪಿಗೆ ಪತ್ರ ಬೇಕು. ಹುಟ್ಟಿದ ಊರು, ವಾಸ, ಓದು ಇವುಗಳ ದಾಖಲೆ ಸರಿಯಾಗಿರಲಿ. ವಯಸ್ಸು ಕಡಿಮೆ ತೋರಿಸುವ ಆಸೆ ಬೇಡ. 16ರ ಒಳಗಿನವರಿಗೆ ಮೂಳೆ ಪರೀಕ್ಷೆಯೇ ಇದೆ.

ನಾಲ್ಕು: ಹರಾಜಿಗೆ ಯಾರೋ ದಲ್ಲಾಳಿ ಸೇರಿಸುವುದಿಲ್ಲ. ಭಾರತದ ಆಟಗಾರರ ಹೆಸರು ಹೋಗುವುದು ರಾಜ್ಯ ಸಂಸ್ಥೆಯ ಮೂಲಕ. ದುಡ್ಡು ಕೊಟ್ಟರೆ ಐಪಿಎಲ್ ಎನ್ನುವವರನ್ನು ಮನೆಯ ಹೊಸ್ತಿಲು ದಾಟಲು ಬಿಡಬೇಡಿ.

ಐದು: ಹೆಣ್ಣುಮಕ್ಕಳನ್ನು ಮರೆಯಬೇಡಿ. ಮಹಿಳೆಯರಿಗೂ 2023ರಿಂದ ಡಬ್ಲ್ಯುಪಿಎಲ್ ಇದೆ, ಹರಾಜೂ ಇದೆ.

ಇಷ್ಟೆಲ್ಲ ಮಾಡಿದರೂ ಎಲ್ಲರೂ ಬ್ರಿಸ್ಬೇನ್ ತಲುಪುವುದಿಲ್ಲ. ನಟರಾಜನ್ ಅವರಿಗೂ ಭಾರತದ ಪರ ಸಿಕ್ಕಿದ್ದು ಒಂದು ಟೆಸ್ಟ್, ಎರಡು ಏಕದಿನ, ನಾಲ್ಕು ಟಿ-20 ಮಾತ್ರ. ಆದರೆ ಊರಿಗೊಂದು ಮೈದಾನ ಸಿಕ್ಕಿತು. ಇನ್ನು ಬೇಕಿರುವುದು ಪ್ರತಿ ಊರಿಗೊಬ್ಬ ಜೆಪಿ ಅಣ್ಣ.